ಬಸ್ಸಿನ ದುಡ್ಡು ಯಾರ ಕೈಯಲ್ಲಿದೆ?

(ನರೋಡಾದಲ್ಲಿ ನಡೆದ ಮಹಿಳಾ ವೇದಿಕೆಯ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)

 

ಮಾತನಾಡಲು ಕರೆದಾಗ "ವಿಷಯ ನಿಮ್ಮ ಇಷ್ಟ" ಎಂದರು. ಅಡುಗೆ, ಆರೋಗ್ಯ, ಮಕ್ಕಳ ಓದು, ಹಬ್ಬಗಳ ಬಗ್ಗೆ ಈ ವೇದಿಕೆಯಲ್ಲಿ ತಿಳಿದವರು ಚೆನ್ನಾಗಿ ಮಾತನಾಡಿದ್ದಾರೆ. ನಾನು ಬಸ್ಸಿನ ಬಗ್ಗೆ, ಅದರಲ್ಲೂ ಬಸ್ಸಿಗೆ ದುಡ್ಡು ಎಲ್ಲಿಂದ ಬರುತ್ತದೆ, ಯಾರು ತೀರ್ಮಾನ ಮಾಡುತ್ತಾರೆ ಎಂಬುದರ ಬಗ್ಗೆ ಮಾತನಾಡುತ್ತೇನೆ. ನಾನು ಸಾರಿಗೆ ತಜ್ಞೆಯಲ್ಲ. ಮನೆಯ ಲೆಕ್ಕ ಬರೆಯುವ, ದಿನವೂ ಬಸ್ಸು ಮತ್ತು ಶಟಲ್ ರಿಕ್ಷಾದಲ್ಲಿ ಓಡಾಡುವ ಗೃಹಿಣಿ. ಮನೆಯ ಬಜೆಟ್ ಮಾಡುವವಳಿಗೆ ನಗರಪಾಲಿಕೆಯ ಬಜೆಟ್ ಅರ್ಥವಾಗದೇ ಇರುವಂಥದ್ದೇನಲ್ಲ ಎಂಬ ಧೈರ್ಯದಿಂದ ನಿಂತಿದ್ದೇನೆ.

ಮೊದಲು ನಮ್ಮ ನರೋಡಾವನ್ನೇ ನೋಡೋಣ. ಇಲ್ಲಿ ಕೆಂಪು ಬಸ್ ಓಡುತ್ತದೆ. ಅದು ಎಎಂಟಿಎಸ್, ಅಹಮದಾಬಾದ್ ನಗರಪಾಲಿಕೆಯದು. ನಾರೋಲ್-ನರೋಡಾ ರಸ್ತೆಯ ನಡುವೆ ಬೇರೆಯೇ ದಾರಿಯಲ್ಲಿ ಬಿಆರ್‌ಟಿಎಸ್ ಓಡುತ್ತದೆ. ಅದು ಪಾಲಿಕೆಯೇ ಕಟ್ಟಿದ ಜನಮಾರ್ಗ್ ಎಂಬ ಕಂಪನಿಯದು. ಹಿಮ್ಮತ್‌ನಗರದ ಕಡೆಗೆ ಹೋಗುವ ಎಸ್‌ಟಿ ಬಸ್ ರಾಜ್ಯ ಸರ್ಕಾರದ ನಿಗಮದ್ದು. ನರೋಡಾ ರೈಲು ನಿಲ್ದಾಣ ಕೇಂದ್ರದ ರೈಲ್ವೆಯದು. ಅಸಾರ್ವಾದಿಂದ ಉದಯಪುರದವರೆಗಿನ ಆ ಹಳಿ ಬ್ರಾಡ್‌ಗೇಜ್ ಆಗಿ, 2022ರ ಅಕ್ಟೋಬರ್ 31ರಂದು ಹೊಸ ರೈಲು ಹೊರಟಿದ್ದು ನಿಮಗೆ ನೆನಪಿರಬಹುದು. ಮೆಟ್ರೋ ನರೋಡಾಕ್ಕೆ ಬಂದಿಲ್ಲ, ಕಾಲುಪುರದಂಥ ನಿಲ್ದಾಣಕ್ಕೆ ಹೋಗಿ ಹತ್ತಬೇಕು. ಅದು ಕೇಂದ್ರ ಮತ್ತು ರಾಜ್ಯ ಸರಿಸಮ ಪಾಲಿನಲ್ಲಿ ನಡೆಸುವ ಗುಜರಾತ್ ಮೆಟ್ರೋ ರೈಲು ನಿಗಮದ್ದು. ಇವೆಲ್ಲದರ ನಡುವೆ ಓಡಾಡುವ ಶಟಲ್ ರಿಕ್ಷಾ ಖಾಸಗಿಯವರದು.

ಒಂದೇ ಊರಿನ ಓಡಾಟಕ್ಕೆ ಇಷ್ಟು ಜನ ಯಜಮಾನರು. ಆದ್ದರಿಂದಲೇ "ಬಸ್ ಸರಿಯಿಲ್ಲ" ಎಂದು ಯಾರಿಗೆ ಹೇಳಬೇಕೋ ನಮಗೆ ತಿಳಿಯುವುದಿಲ್ಲ. ಹೇಳಿದರೂ "ಅದು ನಮ್ಮದಲ್ಲ" ಎಂಬ ಉತ್ತರ ಬರುತ್ತದೆ. ಅನೇಕ ಸಲ ಆ ಉತ್ತರ ಸುಳ್ಳೂ ಅಲ್ಲ.

ಕರ್ನಾಟಕದಿಂದ ಬಂದ ನಮಗೆ ಇನ್ನೊಂದು ಗೊಂದಲವಿದೆ. ನಮ್ಮೂರಲ್ಲಿ ಬಸ್ ಎಂದರೆ ರಾಜ್ಯ ಸರ್ಕಾರ. ಬೆಂಗಳೂರಿನಲ್ಲಿ 1940ರಲ್ಲಿ ಖಾಸಗಿ ಕಂಪನಿಯಾಗಿ ಶುರುವಾದ ಬಸ್ ಸೇವೆಯನ್ನು 1956ರಲ್ಲಿ ಸರ್ಕಾರ ವಹಿಸಿಕೊಂಡಿತು. 1997ರಲ್ಲಿ ಅದೇ ಬಿಎಂಟಿಸಿ ಆಯಿತು. ಬೆಂಗಳೂರಿನ ಪಾಲಿಕೆಗೆ ಸ್ವಂತ ಬಸ್ ಇಲ್ಲ. ಹಾಗಾಗಿ ಬಸ್ಸಿನ ದೂರು ಇದ್ದರೆ ನಮ್ಮ ತಂದೆಯವರ ಕಾಲದಿಂದಲೂ ಸಾರಿಗೆ ಮಂತ್ರಿಗೆ ಅರ್ಜಿ ಬರೆಯುವುದು ರೂಢಿ.

ಅಹಮದಾಬಾದಿನ ಕಥೆ ಬೇರೆ. ಇಲ್ಲಿ 1947ರ ಏಪ್ರಿಲ್ 1ರಂದು, ಸ್ವಾತಂತ್ರ್ಯ ಬರುವುದಕ್ಕೂ ನಾಲ್ಕೂವರೆ ತಿಂಗಳು ಮೊದಲೇ, ನಗರಾಡಳಿತ ತನ್ನದೇ ಬಸ್ ಸೇವೆ ಆರಂಭಿಸಿತು. ಇಂದಿಗೂ ಎಎಂಟಿಎಸ್‌ನ ಬಜೆಟ್ ಪಾಲಿಕೆಯ ಮುಂದೆಯೇ ಮಂಡನೆಯಾಗುತ್ತದೆ. ಟಿಕೆಟ್ ಹಣ ಸಾಲದಾದಾಗ ಪಾಲಿಕೆಯೇ ಸಾಲವೆಂದೋ ಅನುದಾನವೆಂದೋ ತುಂಬಿಕೊಡುತ್ತದೆ. ಅಂದರೆ ನಾವು ಕಟ್ಟುವ ಮನೆ ತೆರಿಗೆಯ ಒಂದಿಷ್ಟು ಪಾಲು ಆ ಕೆಂಪು ಬಸ್ಸಿನ ಚಕ್ರಕ್ಕೆ ಹೋಗುತ್ತಿದೆ. ಇದು ನಮಗೆ ಅನುಕೂಲ. ಬೆಂಗಳೂರಿನವರಿಗೆ ಬಸ್ಸಿನ ತೀರ್ಮಾನ ಮಾಡುವವರು ವಿಧಾನಸೌಧದಲ್ಲಿದ್ದರೆ, ನಮ್ಮ ತೀರ್ಮಾನ ಮಾಡುವವರು ನಮ್ಮ ವಾರ್ಡಿನಲ್ಲೇ ಇದ್ದಾರೆ.

ಇಲ್ಲಿ ಒಂದು ಸ್ವಾರಸ್ಯದ ವಿಷಯ ಹೇಳಬೇಕು. ಸಂವಿಧಾನದ 74ನೇ ತಿದ್ದುಪಡಿ ನಗರಾಡಳಿತಗಳಿಗೆ ಕೊಡಬಹುದಾದ 18 ಕೆಲಸಗಳ ಪಟ್ಟಿಯನ್ನು 12ನೇ ಅನುಸೂಚಿಯಲ್ಲಿ ಕೊಟ್ಟಿದೆ. 1993ರಲ್ಲಿ ಅದು ಜಾರಿಗೆ ಬಂತು. ಆ ಪಟ್ಟಿಯಲ್ಲಿ ರಸ್ತೆ, ಸೇತುವೆ ಇವೆ. ಬೀದಿ ದೀಪ, ವಾಹನ ನಿಲುಗಡೆ, ಬಸ್ ನಿಲ್ದಾಣ, ಸಾರ್ವಜನಿಕ ಶೌಚಾಲಯ ಇವೆ. ಆದರೆ ಬಸ್ ಸೇವೆ ಎಂಬ ಮಾತಿಲ್ಲ! ನಿಲ್ದಾಣ ಕಟ್ಟುವುದು ನಗರಸಭೆಯ ಕೆಲಸ, ಬಸ್ ಯಾರದೆಂದು ಹೇಳಿಲ್ಲ. ದೇಶದ ಹೆಚ್ಚಿನ ಊರುಗಳಲ್ಲಿ ನಗರಸಭೆಗಳು ಬಸ್ಸಿನ ತಂಟೆಗೆ ಹೋಗದೇ ಇರುವುದಕ್ಕೆ ಇದೂ ಒಂದು ಕಾರಣ. ಅಹಮದಾಬಾದ್, ಮುಂಬೈನಂಥ ಕೆಲವು ನಗರಗಳು ಹಳೆಯ ಕಾಲದಿಂದ ತಾವಾಗಿ ಹೊತ್ತುಕೊಂಡ ಹೊರೆ ಇದು. ಸೂರತ್‌ನ ಸೋದರಿಯರಿಗೆ ಗೊತ್ತು, ಅಲ್ಲಿ ಸಿಟಿ ಬಸ್ಸನ್ನೂ ಬಿಆರ್‌ಟಿಎಸ್ಸನ್ನೂ ಸಿಟಿಲಿಂಕ್ ಎಂಬ ಒಂದೇ ಕಂಪನಿ ನಡೆಸುತ್ತದೆ. ನಮ್ಮಲ್ಲಿ ಎರಡಕ್ಕೂ ಪಾಲಿಕೆಯೇ ತಾಯಿ, ಮನೆ ಮಾತ್ರ ಬೇರೆ ಬೇರೆ.

ಈಗ ದುಡ್ಡಿನ ವಿಷಯ. "ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎನ್ನುತ್ತಾರೆ. ನಾನು "ಮನೆ ನಡೆಸಿ ನೋಡು" ಎಂದು ಸೇರಿಸುತ್ತೇನೆ. ಮನೆ ಕಟ್ಟಲು ಬ್ಯಾಂಕು ಸಾಲ ಕೊಡುತ್ತದೆ, ತವರಿನವರೂ ಕೈಹಿಡಿಯುತ್ತಾರೆ. ಗೃಹಪ್ರವೇಶಕ್ಕೆ ಎಲ್ಲರೂ ಬಂದು ಹೋಳಿಗೆ ಉಂಡು ಹೋಗುತ್ತಾರೆ. ಆಮೇಲೆ ಪ್ರತಿ ತಿಂಗಳ ಕರೆಂಟು ಬಿಲ್ಲಿಗೆ ಯಾರೂ ಬರುವುದಿಲ್ಲ. ಸಾರಿಗೆಯಲ್ಲೂ ಹೀಗೆಯೇ. ಕಟ್ಟುವ ದುಡ್ಡು ಒಂದು, ನಡೆಸುವ ದುಡ್ಡು ಇನ್ನೊಂದು.

ಕಟ್ಟುವ ದುಡ್ಡಿಗೆ ನಮ್ಮ ಬಿಆರ್‌ಟಿಎಸ್ ಒಳ್ಳೆಯ ಉದಾಹರಣೆ. 2005ರ ಕೊನೆಯಲ್ಲಿ ಕೇಂದ್ರ ಸರ್ಕಾರ ನಗರಗಳಿಗಾಗಿ ಜೆನರ್ಮ್ ಯೋಜನೆ ತಂದಿತು. ಅಹಮದಾಬಾದಿನಷ್ಟು ದೊಡ್ಡ ನಗರಕ್ಕೆ ಕೇಂದ್ರದ ಪಾಲು 35%, ರಾಜ್ಯದ್ದು 15%, ಉಳಿದ ಅರ್ಧ ನಗರಪಾಲಿಕೆಯದೇ. ಆ ಹಣದಿಂದ, ಇಲ್ಲಿಯದೇ ಸೆಪ್ಟ್ ಸಂಸ್ಥೆಯ ವಿನ್ಯಾಸದಲ್ಲಿ, 2009ರ ಅಕ್ಟೋಬರ್ 14ರಂದು ಪಿರಾಣಾದಿಂದ ಆರ್‌ಟಿಒವರೆಗಿನ ಹನ್ನೆರಡೂವರೆ ಕಿಲೋಮೀಟರ್ ದಾರಿ ಶುರುವಾಯಿತು. 2010ರಲ್ಲಿ ಅಹಮದಾಬಾದಿಗೆ ಅಂತರರಾಷ್ಟ್ರೀಯ ಸುಸ್ಥಿರ ಸಾರಿಗೆ ಪ್ರಶಸ್ತಿಯೂ ಬಂತು.

ಮುಂದೆ ಮೆಟ್ರೋ. ಮೊದಲ ಹಂತದ ಸುಮಾರು 36 ಕಿಲೋಮೀಟರಿಗೆ 2014ರಲ್ಲಿ ಮಂಜೂರಾದಾಗ ಅಂದಾಜು 10,773 ಕೋಟಿ ರೂಪಾಯಿ. ಅದರಲ್ಲಿ ದೊಡ್ಡ ಪಾಲು ಜಪಾನಿನ ಜೈಕಾ ಸಂಸ್ಥೆಯ ಸಾಲ. 2019ರ ಮಾರ್ಚ್‌ನಲ್ಲಿ ವಸ್ತ್ರಾಲ್‌ನಿಂದ ಅಪರೆಲ್ ಪಾರ್ಕ್‌ವರೆಗೆ ಆರೂವರೆ ಕಿಲೋಮೀಟರ್, 2022ರ ಸೆಪ್ಟೆಂಬರ್ ಕೊನೆಯಲ್ಲಿ ಅದರ ಮುಂದಿನ ಭಾಗ, 2024ರ ಸೆಪ್ಟೆಂಬರ್‌ನಲ್ಲಿ ಗಾಂಧಿನಗರದ ಕಡೆಗೆ. ಮೆಟ್ರೋ ತಂಪು, ಸ್ವಚ್ಛ, ಹೆಂಗಸರಿಗೆ ನಿರಾಳ. ನನಗೂ ಇಷ್ಟವೇ. ಆದರೆ ಲೆಕ್ಕ ಹಾಕಿ: ಕಿಲೋಮೀಟರಿಗೆ ಸುಮಾರು 300 ಕೋಟಿ. ಬಿಆರ್‌ಟಿಎಸ್ ದಾರಿಗೆ ಅದರ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ.

ಇನ್ನು ನಡೆಸುವ ದುಡ್ಡು. ಇದು ಪತ್ರಿಕೆಯ ಮುಖಪುಟಕ್ಕೆ ಬರುವುದಿಲ್ಲ. ಡೀಸೆಲ್, ಕರೆಂಟು, ಚಾಲಕರ ಸಂಬಳ, ಟೈರು, ರಿಪೇರಿ. ಇದಕ್ಕೆ ರಿಬ್ಬನ್ ಕತ್ತರಿಸುವ ಸಮಾರಂಭ ಇಲ್ಲ. ಕರ್ನಾಟಕದ ಹಳ್ಳಿ ದಾರಿಗಳಲ್ಲಿ ನೀವೆಲ್ಲ ನೋಡಿರುತ್ತೀರಿ, ದೊಡ್ಡ ಅಕ್ಷರದಲ್ಲಿ ಸಂಸದರ ಹೆಸರು ಬರೆದ ಬಸ್ ತಂಗುದಾಣ. ಒಳಗೆ ಎಮ್ಮೆ ಮಲಗಿರುತ್ತದೆ, ಬಸ್ ಮಾತ್ರ ದಿನಕ್ಕೆ ಎರಡೇ ಸಲ. ಸಂಸದರ ನಿಧಿ ವರ್ಷಕ್ಕೆ 5 ಕೋಟಿ. ಅದರಿಂದ ತಂಗುದಾಣ ಕಟ್ಟಬಹುದು, ಬಸ್ಸಿಗೆ ಡೀಸೆಲ್ ಹಾಕಿಸಲು ಬರುವುದಿಲ್ಲ. ನಿಯಮವೇ ಹಾಗಿದೆ. ಆಸ್ತಿ ಮಾಡಬಹುದು, ಖರ್ಚು ಹೊರಲಾಗದು.

ಇಲ್ಲಿಂದ ಮುಂದೆ ಸ್ವಲ್ಪ ಗಮನವಿಟ್ಟು ಕೇಳಿ, ಇದು ನಮ್ಮ ಬದುಕಿಗೆ ನೇರವಾಗಿ ಸಂಬಂಧಿಸಿದ್ದು. ಇತ್ತೀಚಿನ ವರ್ಷಗಳಲ್ಲಿ ದೇಶದ ಅನೇಕ ನಗರಗಳಲ್ಲಿ ಬಸ್ಸುಗಳನ್ನು ಖಾಸಗಿ ಗುತ್ತಿಗೆದಾರರು ಓಡಿಸುತ್ತಾರೆ. ಅವರಿಗೆ ಓಡಿಸಿದ ಕಿಲೋಮೀಟರಿಗೆ ಇಷ್ಟು ಎಂದು ಪಾಲಿಕೆ ಕೊಡುತ್ತದೆ. ಟಿಕೆಟಿನ ಹಣ ಪಾಲಿಕೆಗೆ. ಬಸ್ಸಿನಲ್ಲಿ ಹತ್ತು ಜನ ಇದ್ದರೂ ಎಪ್ಪತ್ತು ಜನ ಇದ್ದರೂ ಗುತ್ತಿಗೆದಾರರಿಗೆ ಅಷ್ಟೇ. ಇದು ಒಳ್ಳೆಯ ಪದ್ಧತಿ. ಜನರನ್ನು ತುಂಬಿಸುವ ಆತುರಕ್ಕೆ ಚಾಲಕರು ಪೈಪೋಟಿಗೆ ಬೀಳುವುದು ತಪ್ಪುತ್ತದೆ. ಆದರೆ ಪಾಲಿಕೆಯ ಕೈ ಬಿಗಿಯಾದಾಗ ಖರ್ಚು ತಗ್ಗಿಸಲು ಒಂದೇ ದಾರಿ ಉಳಿಯುತ್ತದೆ, ಕಿಲೋಮೀಟರ್ ಕಡಿಮೆ ಮಾಡುವುದು. ಯಾವ ಕಿಲೋಮೀಟರ್? ಜನ ಕಡಿಮೆ ಇರುವ ಹೊತ್ತಿನದು: ಬೆಳಿಗ್ಗೆ ಹನ್ನೊಂದರಿಂದ ನಾಲ್ಕರವರೆಗಿನದು, ರಾತ್ರಿ ಎಂಟರ ನಂತರದ್ದು, ಭಾನುವಾರದ್ದು.

ಆ ಹೊತ್ತಿನಲ್ಲಿ ಬಸ್ಸಿನಲ್ಲಿ ಇರುವವರು ಯಾರು? ನಾವೇ. ಬೆಳಿಗ್ಗೆ ಗಂಡಸರು ಕೆಲಸಕ್ಕೆ, ಸಂಜೆ ಮನೆಗೆ, ಎರಡೇ ಪ್ರಯಾಣ. ನಮ್ಮದು ಹಾಗಲ್ಲ. ಅತ್ತೆಯನ್ನು ಅಸಾರ್ವಾದ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಬರುವಾಗ ಬ್ಯಾಂಕಿನಲ್ಲಿ ಇಳಿದು, ಮಗುವನ್ನು ಶಾಲೆಯಿಂದ ಕರೆದು, ತರಕಾರಿ ಕೊಂಡು ಮನೆ ಸೇರುವುದು. ದೂರ ಕಡಿಮೆ, ಇಳಿದು ಹತ್ತುವುದು ಹೆಚ್ಚು, ಹೊತ್ತು ನಡುಮಧ್ಯಾಹ್ನ. ಹತ್ತಿದಾಗಲೆಲ್ಲ ಮತ್ತೆ ಟಿಕೆಟ್. (ಎಎಂಟಿಎಸ್‌ನಲ್ಲಿ ದಿನವಿಡೀ ಓಡಾಡುವ ಮನ್‌ಪಸಂದ್ ಟಿಕೆಟ್ ಇದೆ, ಇಂಥ ದಿನಗಳಿಗೆ ಅದನ್ನು ನೆನಪಿಡಿ.)

ಇಂಥ ಓಡಾಟ ಸರ್ಕಾರದ ಲೆಕ್ಕಕ್ಕೆ ಸುಲಭವಾಗಿ ಸಿಗುವುದಿಲ್ಲ. 2011ರ ಜನಗಣತಿಯಲ್ಲಿ ಎಷ್ಟು ದೂರ ಹೋಗುತ್ತೀರಿ, ಯಾವುದರಲ್ಲಿ ಹೋಗುತ್ತೀರಿ ಎಂದು ಕೇಳಿದ್ದರು. ಆದರೆ ಕೇಳಿದ್ದು ಕೆಲಸಕ್ಕೆ ಹೋಗುವವರನ್ನು, ಅದರಲ್ಲೂ ಹೊಲದ ಕೆಲಸ ಮತ್ತು ಗೃಹ ಕೈಗಾರಿಕೆ ಬಿಟ್ಟು ಉಳಿದ ದುಡಿಮೆಯವರನ್ನು ಮಾತ್ರ. ಅತ್ತೆಯ ಆಸ್ಪತ್ರೆ, ಮಗುವಿನ ಶಾಲೆ, ತರಕಾರಿ ಚೀಲ ಆ ಕಾಲಮ್ಮಿನಲ್ಲಿ ಇರಲಿಲ್ಲ. ಲೆಕ್ಕಕ್ಕೆ ಬಾರದ ಪ್ರಯಾಣಕ್ಕೆ ಬಜೆಟ್ಟಿನಲ್ಲಿ ಜಾಗ ಸಿಗುವುದು ಕಷ್ಟ.

ಹಿಂದೆ ನಾವಿದ್ದ ಇನ್ನೊಂದು ಊರಿನಲ್ಲಿ ಹೀಗೇ ಆಯಿತು. ಅಲ್ಲಿ ಮಧ್ಯಾಹ್ನದ ಬಸ್ಸುಗಳು ಒಂದೊಂದಾಗಿ ನಿಂತವು. ಪಕ್ಕದ ಮನೆಯ ಹುಡುಗಿ ಸಂಜೆಯ ಕಂಪ್ಯೂಟರ್ ತರಗತಿಗೆ ಸೇರಿದ್ದಳು. ಎಂಟೂಕಾಲಿಗೆ ತರಗತಿ ಮುಗಿಯುತ್ತಿತ್ತು, ಎಂಟಕ್ಕೆ ಕೊನೆಯ ಬಸ್. ಮೂರು ವಾರ ಅಣ್ಣ ಸ್ಕೂಟರಿನಲ್ಲಿ ಕರೆತಂದ. ನಾಲ್ಕನೇ ವಾರ ಅವನಿಗೆ ಪಾಳಿ ಬದಲಾಯಿತು, ಅವಳ ತರಗತಿ ನಿಂತಿತು. ಅವಳು ಬಿಟ್ಟಿದ್ದು ಓದಿನ ಮೇಲಿನ ಆಸೆ ಕಡಿಮೆಯಾಗಿ ಅಲ್ಲ. ಆ ಊರಿನ ಯಾವ ದಾಖಲೆಯಲ್ಲೂ ಆ ಹುಡುಗಿಯ ವಿಷಯ ಇರುವುದಿಲ್ಲ. ಬಸ್ಸಿನ ಖರ್ಚು ಉಳಿಯಿತು ಎಂಬುದು ಮಾತ್ರ ಇರುತ್ತದೆ.

ನಮ್ಮ ಸಂಘದಲ್ಲೇ ನೋಡಿ. ರಾಜ್ಯೋತ್ಸವದ ದಿನ ನದಿಯ ಆಚೆ ದಡದ ಸಭಾಂಗಣದಲ್ಲಿ ಕಾರ್ಯಕ್ರಮ ಇದ್ದರೆ, ಈ ಕಡೆಯ ನಾವು ನಾಟಕದ ಕೊನೆಯ ದೃಶ್ಯ ನೋಡದೆ, ಊಟಕ್ಕೂ ನಿಲ್ಲದೆ ಎದ್ದು ಹೊರಡುತ್ತೇವೆ. ಬಿಸಿಬೇಳೆಬಾತ್ ಡಬ್ಬಿಯಲ್ಲಿ ಕಟ್ಟಿಸಿಕೊಂಡು ಹೋಗುವವರು ಯಾರು ಎಂದು ನೋಡಿದರೆ ಸಾಕು, ಯಾರ ಮನೆಯಲ್ಲಿ ಕಾರು ಇಲ್ಲ ಎಂಬುದು ತಿಳಿಯುತ್ತದೆ! ನಗಬೇಡಿ, ನಾನೂ ಡಬ್ಬಿ ಹಿಡಿದವಳೇ.

ಹೆಚ್ಚುವರಿ ಬಸ್ ಓಡಿಸಲು ಎಷ್ಟು ಬೇಕು? ಒಂದು ಸಣ್ಣ ಲೆಕ್ಕ ಮಾಡೋಣ. ಮಾತಿಗೆ ಕಿಲೋಮೀಟರಿಗೆ 60 ರೂಪಾಯಿ ಎಂದಿಟ್ಟುಕೊಳ್ಳಿ. ದಾರಿ 15 ಕಿಲೋಮೀಟರ್ ಎಂದರೆ ಹೋಗಿ ಬರಲು 30, ಅಂದರೆ 1,800 ರೂಪಾಯಿ. ದಿನಕ್ಕೆ ಇಂಥ ಎರಡು ಸುತ್ತು ಹೆಚ್ಚಿಸಿದರೆ 3,600. ವರ್ಷಕ್ಕೆ 300 ದಿನ ಓಡಿಸಿದರೆ 10 ಲಕ್ಷ 80 ಸಾವಿರ. ಅದರಲ್ಲೂ ಟಿಕೆಟ್ ಹಣ ಒಂದಿಷ್ಟು ವಾಪಸು ಬರುತ್ತದೆ. ಗುತ್ತಿಗೆಯ ನಿಜವಾದ ದರ ಇದಕ್ಕಿಂತ ಹೆಚ್ಚೋ ಕಡಿಮೆಯೋ ಇರಬಹುದು, ಆದರೆ ಮೊತ್ತ ಲಕ್ಷಗಳಲ್ಲಿದೆ, ಕೋಟಿಗಳಲ್ಲಿಲ್ಲ. ಇಷ್ಟು ಸಣ್ಣ ಮೊತ್ತಕ್ಕೆ ದೆಹಲಿಯ ಒಪ್ಪಿಗೆ ಬೇಕಿಲ್ಲ, ಜಪಾನಿನ ಸಾಲ ಬೇಕಿಲ್ಲ. ಪಾಲಿಕೆಯ ಸಾರಿಗೆ ಸಮಿತಿ ಮನಸ್ಸು ಮಾಡಿದರೆ ಸಾಕು.

ಮೇಲಿನ ಸರ್ಕಾರಗಳಿಗೂ ಈಗ ನಡೆಸುವ ದುಡ್ಡಿನ ಮಹತ್ವ ತಿಳಿಯುತ್ತಿದೆ. 2023ರ ಆಗಸ್ಟ್‌ನಲ್ಲಿ ಒಪ್ಪಿಗೆ ಪಡೆದ ಪಿಎಂ ಇ-ಬಸ್ ಸೇವಾ ಯೋಜನೆಯಲ್ಲಿ 10,000 ವಿದ್ಯುತ್ ಬಸ್ಸುಗಳಿಗೆ ಹತ್ತು ವರ್ಷ ಓಡಿಸುವ ಖರ್ಚಿಗೂ ಕೇಂದ್ರದ ನೆರವಿದೆ. 2024ರ ಪಿಎಂ ಇ-ಡ್ರೈವ್ ಯೋಜನೆಯಲ್ಲಿ ಒಂಬತ್ತು ದೊಡ್ಡ ನಗರಗಳಿಗೆ 14,028 ವಿದ್ಯುತ್ ಬಸ್ಸುಗಳ ಗುರಿ ಇದೆ. ಆ ಒಂಬತ್ತರಲ್ಲಿ ಅಹಮದಾಬಾದ್, ಸೂರತ್, ನಮ್ಮ ಬೆಂಗಳೂರು ಮೂರೂ ಇವೆ. ಬಸ್ಸು ಬರುತ್ತದೆ. ಬಂದ ಬಸ್ಸು ಯಾವ ದಾರಿಯಲ್ಲಿ, ಯಾವ ಹೊತ್ತಿನಲ್ಲಿ ಓಡಬೇಕು ಎಂಬುದು ಮಾತ್ರ ಇಲ್ಲಿಯೇ ತೀರ್ಮಾನವಾಗಬೇಕು.

ಕರ್ನಾಟಕದ ಶಕ್ತಿ ಯೋಜನೆಯನ್ನೂ ಈ ದೃಷ್ಟಿಯಿಂದ ನೋಡಿ. 2023ರ ಜೂನ್ 11ರಿಂದ ಅಲ್ಲಿನ ಮಹಿಳೆಯರಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಉಚಿತ ಪ್ರಯಾಣ. (ಗುಜರಾತಿನ ವಿಳಾಸದ ಆಧಾರ್ ಇರುವ ನಾವು ತವರಿಗೆ ಹೋದಾಗ ಟಿಕೆಟ್ ಕೊಳ್ಳಲೇಬೇಕು, ತಂಗಿ ಮಾತ್ರ ಪಕ್ಕದಲ್ಲಿ ಪುಕ್ಕಟೆ ಕೂರುತ್ತಾಳೆ!) ಅದರ ಪರ-ವಿರೋಧದ ಚರ್ಚೆಗೆ ನಾನು ಹೋಗುವುದಿಲ್ಲ. ಎರಡು ಅಂಶ ಮಾತ್ರ ಹೇಳುತ್ತೇನೆ. ಒಂದು, ಉಚಿತ ಎಂದರೆ ಖರ್ಚೇ ಇಲ್ಲ ಎಂದಲ್ಲ, ರಾಜ್ಯ ಸರ್ಕಾರ ಬಜೆಟ್ಟಿನಿಂದ ನಾಲ್ಕು ನಿಗಮಗಳಿಗೆ ಆ ಹಣ ಕೊಡಬೇಕು. ಎರಡು, ಅಲ್ಲಿ ಪ್ರತಿ ಮಹಿಳೆಗೂ ಶೂನ್ಯ ಮೊತ್ತದ ಟಿಕೆಟ್ ಕೊಡುತ್ತಾರೆ. ಇದರಿಂದ ಮೊದಲ ಸಲ ಎಷ್ಟು ಹೆಂಗಸರು, ಯಾವ ದಾರಿಯಲ್ಲಿ ಓಡಾಡುತ್ತಾರೆ ಎಂಬ ಎಣಿಕೆ ಸಿಕ್ಕಿತು. ನನಗೆ ಇದು ಉಚಿತಕ್ಕಿಂತ ದೊಡ್ಡ ಲಾಭವಾಗಿ ಕಾಣುತ್ತದೆ. ಇಲ್ಲಿ ನಮಗೆ ಉಚಿತ ಬಸ್ಸಿಗಿಂತ ಮೊದಲು ಹೊತ್ತಿಗೆ ಸರಿಯಾಗಿ ಬರುವ ಬಸ್ಸು ಬೇಕು. ಅದಕ್ಕೂ ಮೊದಲು ನಾವು ಎಣಿಕೆಗೆ ಬರಬೇಕು.

ಹಾಗಾದರೆ ನಾವೇನು ಮಾಡಬಹುದು? ಮೂರು ಕೆಲಸ ಸೂಚಿಸುತ್ತೇನೆ.

ಮೊದಲನೆಯದು, ನಾವೇ ಎಣಿಸಿಕೊಳ್ಳೋಣ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಎರಡು ವಾರ ನಮ್ಮ ಓಡಾಟ ಬರೆಯೋಣ. ಎಲ್ಲಿಂದ ಎಲ್ಲಿಗೆ, ಎಷ್ಟು ಗಂಟೆಗೆ, ಎಷ್ಟು ಹೊತ್ತು ಕಾದೆವು, ಕೊನೆಗೆ ಯಾವುದರಲ್ಲಿ ಹೋದೆವು, ಬಸ್ ಇಲ್ಲವೆಂದು ಯಾವ ಕೆಲಸ ಬಿಟ್ಟೆವು. ಕೊನೆಯದನ್ನು ಮರೆಯದೆ ಬರೆಯಿರಿ. ಮನೆ ಕೆಲಸಕ್ಕೆ ಬರುವ ಬೆನ್, ಜಿಐಡಿಸಿ ಕಾರ್ಖಾನೆಗಳಲ್ಲಿ ದುಡಿಯುವ ನೆರೆಯ ಹೆಣ್ಣುಮಕ್ಕಳನ್ನೂ ಕೇಳಿ ಬರೆಯಿರಿ. ಅವರು ನಮಗಿಂತ ಹೆಚ್ಚು ಕಾಯುತ್ತಾರೆ.

ಎರಡನೆಯದು, ಹೊತ್ತು ನೋಡಿ ಕೇಳೋಣ. ಪಾಲಿಕೆಯ ವರ್ಷ ಏಪ್ರಿಲ್ 1ರಿಂದ. ಎಎಂಟಿಎಸ್ ಕರಡು ಬಜೆಟ್ ಜನವರಿಯ ಸುಮಾರಿಗೆ ಸಾರಿಗೆ ಸಮಿತಿಯ ಮುಂದೆ ಬರುತ್ತದೆ. ಆಯುಕ್ತರು ಪಾಲಿಕೆಯ ಕರಡನ್ನು ಜನವರಿ ಕೊನೆ ಅಥವಾ ಫೆಬ್ರವರಿಯ ಆರಂಭದಲ್ಲಿ ಸ್ಥಾಯಿ ಸಮಿತಿಗೆ ಕೊಡುತ್ತಾರೆ. ಸ್ಥಾಯಿ ಸಮಿತಿ ಸೇರಿಸುವುದನ್ನು ಸೇರಿಸಿ ಸಾಮಾನ್ಯ ಸಭೆಗೆ ಕಳಿಸುತ್ತದೆ. ಮೇ ತಿಂಗಳ ಬಿಸಿಲಿನಲ್ಲಿ ಕಾದು ಬೇಸತ್ತು ಬರೆದ ಪತ್ರಕ್ಕೆ ಆ ವರ್ಷ ದುಡ್ಡು ಉಳಿದಿರುವುದಿಲ್ಲ. ದೀಪಾವಳಿ ಮುಗಿದ ಕೂಡಲೇ, ನವೆಂಬರ್-ಡಿಸೆಂಬರ್‌ನಲ್ಲಿ ಬರೆದರೆ ಅದು ಕರಡಿನೊಳಗೆ ಸೇರುವ ಸಾಧ್ಯತೆ ಇದೆ. ಪುಣೆಯಲ್ಲಿ 2006-07ರಿಂದ ನಾಗರಿಕರು ಅರ್ಜಿ ನಮೂನೆ ತುಂಬಿ ತಮ್ಮ ವಾರ್ಡಿನ ಕೆಲಸ ಬಜೆಟ್ಟಿಗೆ ಸೇರಿಸುವ ಪದ್ಧತಿ ಇದೆ. ಬೆಂಗಳೂರಿನಲ್ಲಿ ಜನಾಗ್ರಹ ಸಂಸ್ಥೆ 2015ರಿಂದ 'ನನ್ನ ನಗರ, ನನ್ನ ಬಜೆಟ್' ಅಭಿಯಾನ ನಡೆಸಿದೆ. ನಾವೂ ಕೇಳಬಹುದು.

ಮೂರನೆಯದು, ಸರಿಯಾದ ಬಾಗಿಲು ತಟ್ಟೋಣ. ಅಹಮದಾಬಾದಿನಲ್ಲಿ 48 ವಾರ್ಡು, ಒಂದೊಂದಕ್ಕೆ ನಾಲ್ವರಂತೆ 192 ಕಾರ್ಪೊರೇಟರುಗಳು. ಅರ್ಧ ಸ್ಥಾನ ಮಹಿಳೆಯರಿಗೆ ಮೀಸಲು. ಅಂದರೆ ನರೋಡಾ ವಾರ್ಡಿನಲ್ಲಿ ಕನಿಷ್ಠ ಇಬ್ಬರು ಹೆಣ್ಣುಮಕ್ಕಳು ನಮ್ಮ ಪರವಾಗಿ ಕೂತಿದ್ದಾರೆ. ಪಕ್ಷ ಯಾವುದಾದರೂ ಇರಲಿ, ಅವರೂ ಅತ್ತೆಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋದವರೇ. ಅರ್ಜಿ ಗುಜರಾತಿಯಲ್ಲಿರಲಿ, ಒಂದು ಪುಟ ಮೀರದಿರಲಿ. "ಸಾರಿಗೆ ಸುಧಾರಿಸಿ" ಎಂದು ಬರೆದರೆ ಯಾರೂ ಏನೂ ಮಾಡಲಾರರು. "ಈ ನಂಬರಿನ ಬಸ್ ಮಧ್ಯಾಹ್ನ ಒಂದರಿಂದ ಮೂರರ ನಡುವೆ ಇನ್ನೊಂದು ಸುತ್ತು ಬರಲಿ, ಈ ಬಿಆರ್‌ಟಿಎಸ್ ನಿಲ್ದಾಣಕ್ಕೆ ರಸ್ತೆ ದಾಟುವ ಜಾಗದಲ್ಲಿ ದೀಪ ಬೇಕು, ಈ ನಿಲ್ದಾಣದಲ್ಲಿ ನೆರಳೂ ಕೂರುವ ಕಟ್ಟೆಯೂ ಬೇಕು" ಎಂದು ಬರೆಯೋಣ, ಜೊತೆಗೆ ನಮ್ಮ ಎರಡು ವಾರದ ಎಣಿಕೆ ಲಗತ್ತಿಸೋಣ. ರಸ್ತೆ, ದೀಪ, ನಿಲ್ದಾಣ ಸಂವಿಧಾನದ ಪಟ್ಟಿಯಲ್ಲೇ ಇರುವ ಪಾಲಿಕೆಯ ಕೆಲಸಗಳು. "ನಮ್ಮದಲ್ಲ" ಎನ್ನುವಂತಿಲ್ಲ.

ಕೊನೆಯದಾಗಿ ಒಂದು ಮಾತು. ಹುಬ್ಬಳ್ಳಿ-ಧಾರವಾಡದ ನಡುವೆ 2018ರಿಂದ ಚಿಗರಿ ಬಸ್ ಓಡುತ್ತಿದೆ. ಅಲ್ಲಿಂದ ಬಂದ ನಮ್ಮ ಸದಸ್ಯೆಯರು ಅಹಮದಾಬಾದಿನ ಬಿಆರ್‌ಟಿಎಸ್ ನೋಡಿ "ನಮ್ಮ ಚಿಗರಿ ಇದ್ದ ಹಾಗೇ ಇದೆ" ಎಂದು ಹೆಮ್ಮೆಪಡುತ್ತಾರೆ. ಹೆಮ್ಮೆ ಒಳ್ಳೆಯದೇ. ಆದರೆ ಊರು ನಮ್ಮದಾಗುವುದು ಅಲ್ಲಿಯ ಲೆಕ್ಕದಲ್ಲಿ ನಾವೂ ಸೇರಿದಾಗ. ನಾವು ಈ ಊರಿಗೆ ಬಂದು ಇಪ್ಪತ್ತು ಮೂವತ್ತು ವರ್ಷ ಆಯಿತು. ತೆರಿಗೆ ಇಲ್ಲಿ ಕಟ್ಟುತ್ತೇವೆ, ಮಕ್ಕಳು ಇಲ್ಲಿ ಓದುತ್ತಾರೆ. ಅರ್ಜಿ ಬರೆಯುವಾಗ ಮಾತ್ರ "ನಾವು ಹೊರಗಿನವರು" ಎಂದು ಹಿಂಜರಿಯುವುದು ಬೇಡ.

ಇವತ್ತು ಚಹಾ ವಿರಾಮದಲ್ಲಿ ಬಾಗಿಲ ಬಳಿ ಒಂದು ಹಾಳೆ ಇಟ್ಟಿರುತ್ತೇನೆ. ಎರಡು ವಾರ ಲೆಕ್ಕ ಬರೆಯಲು ಸಿದ್ಧರಿರುವವರು ಹೆಸರು ಕೊಡಿ. ಗುಜರಾತಿಯಲ್ಲಿ ಚೆನ್ನಾಗಿ ಬರೆಯಬಲ್ಲವರು ಇಬ್ಬರು ಬೇಕು. ವಡೋದರಾ, ಸೂರತ್‌ನವರು ನಿಮ್ಮ ನಿಮ್ಮ ಪಾಲಿಕೆಯ ಬಜೆಟ್ ದಿನಾಂಕ ಕೇಳಿ ತಿಳಿದುಕೊಂಡು ನಮಗೂ ತಿಳಿಸಿ.